ಅತ್ತೆಯ ಶಾರ್ಟ್‌ಕಟ್

ಗಂಟಲಿನ ಆಪರೇಷನ್ ಆದಮೇಲೆ, ಕಥೆಯ ರಕ್ಕಸನ ಪ್ರಾಣ ಗಿಳಿಯೊಳಗೆ ಅಡಗಿದ್ದ ಹಾಗೆ, ಅತ್ತೆಯ ಮಾತೆಲ್ಲ ಮೊಬೈಲಿನೊಳಗೆ ಸೇರಿಕೊಂಡಿತ್ತು. ಟೈಪು ಮಾಡಿ ತೋರಿಸುವುದು ಅವರಿಗೆ ಸುಲಭವಾಗಲೆಂದು ಸೊಸೆ ಇಡೀ ಭಾನುವಾರ ಕೂತು ಕೀಬೋರ್ಡಿನಲ್ಲಿ ಶಾರ್ಟ್‌ಕಟ್ ಮಾಡಿಟ್ಟಳು. ‘ಕಾ’ ಒತ್ತಿದರೆ ‘ಕಾಫಿ ಬೇಕು’ ಎಂದು ಮೂಡುತ್ತಿತ್ತು. ‘ಹಾ’ ಒತ್ತಿದರೆ ‘ನಾಳೆ ಅರ್ಧ ಲೀಟರ್ ಹಾಲು ಜಾಸ್ತಿ ಹಾಕು’.

ಅತ್ತೆ ಎಲ್ಲಕ್ಕೂ ತಲೆಯಾಡಿಸಿದರು. ಆದರೆ ಮರುದಿನ ಬೆಳಿಗ್ಗೆ ಸೊಸೆಯನ್ನು ಚಪ್ಪಾಳೆ ತಟ್ಟಿ ಕರೆದು, ಪಕ್ಕದಲ್ಲಿ ಕೂರಿಸಿಕೊಂಡು, ಮತ್ತೆ ಒಂದೇ ಬೆರಳಲ್ಲಿ ಒಂದೊಂದೇ ಅಕ್ಷರ ಹುಡುಕತೊಡಗಿದರು.

“ಕಾಫಿ ತಾನೇ ಅತ್ತೆ? ತರ್ತೀನಿ ಇರಿ, ನನಗೆ ಬಸ್ಸು ತಪ್ಪುತ್ತೆ.”

ಅತ್ತೆ ಕೈಸನ್ನೆ ಮಾಡಿ ಕೂರಿಸಿದರು. ದಿನಾ ಇದೇ ಆಯಿತು. ಆಫೀಸಿನಲ್ಲಿ ದಿನಾ ಬೈಗುಳ.

ಒಂದು ಬೆಳಿಗ್ಗೆ ಬಾಗಿಲಿಗೆ ಹಾಲಿನವಳು ಬಂದಳು. ಅತ್ತೆ ಟಪ್ಪನೆ ‘ಹಾ’ ಒತ್ತಿ, ಮೊಬೈಲು ತೋರಿಸಿ ಅವಳನ್ನು ಕಳಿಸಿಬಿಟ್ಟರು.

ಸೊಸೆಯ ಪಿತ್ತ ನೆತ್ತಿಗೇರಿತು.

“ಹಾಲಿನವಳಿಗಾದ್ರೆ ಒಂದಕ್ಷರ, ನನಗಾದ್ರೆ ಇಡೀ ಪುರಾಣ. ನಿಮಗೆಲ್ಲಾ ಬರುತ್ತೆ ಅತ್ತೆ. ಬೇಕಂತಲೇ ಸತಾಯಿಸ್ತಿದೀರ. ನಾನೇನು ಮಾಡಿದೀನಿ ನಿಮಗೆ?”

ಅತ್ತೆ ಪಕ್ಕದ ಜಾಗ ತಟ್ಟಿ ತೋರಿಸಿದರು. ಸೊಸೆ ಹಲ್ಲು ಕಚ್ಚಿಕೊಂಡು ಕೂತಳು. ಬೆರಳು ಅಕ್ಷರದಿಂದ ಅಕ್ಷರಕ್ಕೆ ಆಮೆಯಂತೆ ತೆವಳಿತು. ಬೀದಿಯ ತುದಿಯಲ್ಲಿ ಬಸ್ಸಿನ ಹಾರ್ನು ಕೇಳಿಸಿ ದೂರವಾಯಿತು. ಕೊನೆಗೂ ಅತ್ತೆ ಮೊಬೈಲನ್ನು ಅವಳತ್ತ ತಿರುಗಿಸಿದರು.

‘ಒಂದಕ್ಷರ ಒತ್ತಿದ್ರೆ ಕಾಫಿ ಇಟ್ಟು ಹೊರಟುಬಿಡ್ತೀಯ. ಉದ್ದಕ್ಕೆ ಬರೆದ್ರೆ ಅಷ್ಟು ಹೊತ್ತು ನನ್ನ ಪಕ್ಕ ಕೂತಿರ್ತೀಯ.’