ಮೊಮ್ಮಗಳ ಬಾಯಲ್ಲಿ ಹೇಳಿಸಿದ ಮಾತು

ಮೊಮ್ಮಗಳು ಫುಟ್‌ಬಾಲ್ ಕೋಚ್ ಆದಳು ಅಂತ ಇವತ್ತು ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ, ಆದರೂ ಅವಳ ಬೂಟಿನ ಹಸಿ ಹುಲ್ಲಿನ ವಾಸನೆ ನನ್ನನ್ನು ಅಮೆರಿಕದ ಈಸ್ಟ್ ಬ್ರನ್ಸ್‌ವಿಕ್ಕಿನ ಆ ಮಧ್ಯಾಹ್ನಕ್ಕೆ ಎಳೆದುಕೊಂಡು ಹೋಗುತ್ತದೆ.

ಎಲ್ಲರ ಕೆಲಸ ಹೋಗುತ್ತಿದ್ದ ವರ್ಷ, ಅವಳಿಗೆ ಒಂಬತ್ತು. ಸ್ಕಾಟ್ಲೆಂಡಿನಲ್ಲಿ ಆಡಿ, ಮಂಡಿ ಕೆಟ್ಟ ಮೇಲೆ ಇಲ್ಲಿ ಮಕ್ಕಳಿಗೆ ಕಲಿಸುತ್ತಿದ್ದ ಅವಳ ಕೋಚ್ ನನ್ನ ಹತ್ತಿರ ಬಂದು ಇಂಗ್ಲಿಷಿನಲ್ಲಿ ಏನೋ ಅಂದರು. ಮೊಮ್ಮಗಳು ಕನ್ನಡದಲ್ಲಿ ಹೇಳಿದಳು:

"ಅಜ್ಜಿ, ಕೋಚ್ ಕೆಲಸ ಹೋಯ್ತಂತೆ. ಊರಿಗೆ ವಾಪಸ್ ಹೋಗ್ತಾರಂತೆ."

ನನಗೆ ಇಂಗ್ಲಿಷ್ ಬಾರದು. "ಬೇಜಾರು ಮಾಡ್ಕೋಬೇಡಿ ಅನ್ನು ಪುಟ್ಟಿ. ನನ್ನ ಮಗನದೂ ಹೋಗಿ ಎರಡು ತಿಂಗಳಾಯ್ತು ಅಂತ ಹೇಳು" ಅಂದುಬಿಟ್ಟೆ.

ಕೆಲಸ ಹೋದ ಮೇಲೂ ದಿನಾ ಟೈ ಕಟ್ಟಿಕೊಂಡು ಆಫೀಸಿಗೆ ಅಂತ ಹೊರಡುತ್ತಿದ್ದ ಅಪ್ಪನ ವಿಷಯ ಅವಳಿಗೆ ಯಾರೂ ಹೇಳಿರಲಿಲ್ಲ.

ಅವಳು ನನ್ನ ಮುಖ ನೋಡಿದಳು. ಆಮೇಲೆ ತಿರುಗಿ ಕೋಚ್‌ಗೆ ಮೆಲ್ಲಗೆ ಹೇಳಿದಳು.

ಸಂಜೆ ಅವಳಪ್ಪ ಬಾಗಿಲು ತೆಗೆದಾಗ, ದಿನದ ಹಾಗೇ ಓಡಿಹೋಗಿ ಕೇಳಿದಳು: "ಆಫೀಸ್ ಹೇಗಿತ್ತು ಅಪ್ಪಾ?"