ಸ್ವಯಂಭೂ

ಗ್ಯಾಲರಿಯ ಬಾಗಿಲಲ್ಲಿ ಚಪ್ಪಲಿಗಳ ರಾಶಿ ಕಂಡು ಭೀಮವ್ವ, ದಾರಿ ತಪ್ಪಿ ಯಾವುದೋ ಗುಡಿಗೆ ಬಂದೆನೇನೋ ಅಂದುಕೊಂಡಳು. ಒಳಗೆ ಹಣಿಕಿ ಹಾಕಿದಾಗ ಗೋಡೆಯ ಮೇಲೆ ಮಗಳು ತ್ರಿವೇಣಿಯ ಫೋಟೋ ಕಂಡಿತು. ಫೋಟೋದ ಹತ್ತಿರ ಯಾರೂ ಇರಲಿಲ್ಲ. ಮಗಳು ಕಡೆದ ಹದಿನಾಲ್ಕು ಶಿಲ್ಪಗಳನ್ನಿಟ್ಟಿದ್ದ ಆ ಹಾಲಿನಲ್ಲಿ ಜನರೆಲ್ಲ ಒಂದೇ ಕಲ್ಲಿನ ಮುಂದೆ ಸಾಲುಗಟ್ಟಿ ನಿಂತಿದ್ದರು. ಸೊಂಟದೆತ್ತರದ ಕರಿಯ ಕಲ್ಲು. ಬುಡದಲ್ಲಿ ಅಗಲ, ನೆತ್ತಿಯಿಂದ ಎಡಕ್ಕೆ ಹೊರಳಿ ಇಳಿದ ಒಂದು ಉಬ್ಬು. ಅದರ ಮೇಲೆಲ್ಲ ದಾಸವಾಳ, ಗರಿಕೆ, ಕುಂಕುಮ.

ಗ್ಯಾಲರಿ ನೋಡಿಕೊಳ್ಳುವ ಅಶ್ವಿನ್ ಎದುರಿಗೆ ಬಂದು ಅವಳನ್ನು ಒಳಗೆ ಕರೆದುಕೊಂಡು ಹೋದ. ಅವನು ಕರಾವಳಿಯ ಹೋಟೆಲಿನವರ ಮನೆಯ ಹುಡುಗ, ಪುಣೆಯಲ್ಲೇ ಬೆಳೆದವನು. ಮೊನ್ನೆ ಯಾರೋ ಒಬ್ಬರು ಆ ಕಲ್ಲಿನಲ್ಲಿ ಗಣಪತಿಯ ಸೊಂಡಿಲು ಕಂಡು ಹೂವಿಟ್ಟರಂತೆ. ಅದರ ಫೋಟೋ ವಾಟ್ಸಾಪಿನಲ್ಲಿ ಊರೆಲ್ಲ ಸುತ್ತಿತಂತೆ. ಇವತ್ತು ಸಂಕಷ್ಟಿಯಾದ್ದರಿಂದ ಬೆಳಗಿನಿಂದ ಸಾಲು ಕರಗಿಯೇ ಇಲ್ಲವಂತೆ.

“ಮೊದಲ ದಿನ ಹನ್ನೊಂದು ಜನ ಬಂದಿದ್ರು, ಅಮ್ಮಾ. ಇವತ್ತು ಲೆಕ್ಕ ಇಡ್ಲಿಕ್ಕೆ ಆಗುದಿಲ್ಲ” ಎಂದ.

ಭೀಮವ್ವನೂ ಸಂಕಷ್ಟಿಯ ಉಪವಾಸದಲ್ಲಿದ್ದಳು. ಮೂರು ತಿಂಗಳ ಹಿಂದೆ ತ್ರಿವೇಣಿ ತೀರಿಕೊಂಡ ಮೇಲೆ ಅವಳು ಧನಕವಡಿ ಬಡಾವಣೆಯ ಮನೆಯಿಂದ ಹೊರಗೆ ಕಾಲಿಟ್ಟದ್ದು ಇದೇ ಮೊದಲು. ಕೈಗಳು ತಾವಾಗಿ ಮುಗಿದವು. ಮಗಳ ಕೈಯೊಳಗೆ ದೇವರೇ ಬಂದು ಕುಳಿತಿದ್ದನಲ್ಲ ಎನಿಸಿ ಕಣ್ಣು ತುಂಬಿದವು.

ಅಶ್ವಿನ್ ಅಲ್ಲಿದ್ದ ಹಿರಿಯರೊಬ್ಬರ ಪರಿಚಯ ಮಾಡಿಕೊಟ್ಟ. ಊರಾಚೆ ಹೊಸದಾಗಿ ಕಟ್ಟುತ್ತಿರುವ ಗುಡಿಯ ಟ್ರಸ್ಟಿನವರು. ಅವರು ಮರಾಠಿಯಲ್ಲಿ ಬಹಳ ವಿನಯದಿಂದ ಮಾತಾಡಿದರು. ಪ್ರದರ್ಶನ ಮುಗಿದೊಡನೆ ಈ ಕಲ್ಲನ್ನು ತಮ್ಮ ಗುಡಿಗೆ ಕೊಡಬೇಕು, ಪ್ರತಿಷ್ಠಾಪನೆ ಮಾಡಿ ಮೈತುಂಬ ಸಿಂಧೂರ ಲೇಪಿಸುತ್ತೇವೆ, ತಾಯಿಯಾದ ತಾವೊಂದು ರುಜು ಹಾಕಿದರೆ ಸಾಕು ಎಂದರು. ಕಾಗದವನ್ನು ಬರೆಸಿಕೊಂಡೇ ಬಂದಿದ್ದರು. ಭೀಮವ್ವ ಪೆನ್ನು ತೆಗೆದುಕೊಂಡಳು. ತೆಗೆದುಕೊಂಡವಳು, ಗುಡಿಯಲ್ಲಿ ಮಗಳ ಹೆಸರನ್ನು ಎಲ್ಲಿ ಕೆತ್ತಿಸುತ್ತೀರಿ ಎಂದು ಕೇಳಿದಳು.

ಹಿರಿಯರು ಅಶ್ವಿನನ ಮುಖ ನೋಡಿದರು. ಅವನು ಹೇಳಿದ: “ಹೆಸರು ಬರುದಿಲ್ಲ, ಅಮ್ಮಾ. ಸ್ವಯಂಭೂ ಅಂತ ಬೋರ್ಡು ಹಾಕ್ತಾರೆ. ನೆಲದಿಂದ ತಾನಾಗಿ ಎದ್ದು ಬಂದ ದೇವರು ಅಂತ. ಜನರಿಗೂ ಹಾಗಿದ್ರೇ ಭಕ್ತಿ.”

ಮನೆಯ ಹಿಂದಿನ ತಗಡಿನ ಶೆಡ್ಡಿನಿಂದ ಉಳಿಯ ಸದ್ದನ್ನು ಎಂಟು ತಿಂಗಳು ಕೇಳಿದವಳು ಭೀಮವ್ವ. ಒಮ್ಮೆ ಅವಳೂ ಇದೇ ಕಲ್ಲಿಗೆ ಒಂದು ಹೂವೇರಿಸಿ ಕೈಮುಗಿದಿದ್ದಳು. ತ್ರಿವೇಣಿ ಸಿಟ್ಟಾಗಿರಲಿಲ್ಲ. ಹೂವನ್ನು ತೆಗೆದು ತಾಯಿಯ ಕೈಗಿಟ್ಟು, “ದೇವರನ್ನ ಮಾಡಿದ್ರ ಹೇಳತೀನಿ, ಅವ್ವಾ. ಇದನ್ನ ಬರೇ ನೋಡು” ಅಂದಿದ್ದಳು. ಭೀಮವ್ವ ಅಂದು ನೋಡಿರಲಿಲ್ಲ. ಒಲೆಯ ಮೇಲೆ ಬೇಳೆ ಇತ್ತು.

ಅವಳು ಪೆನ್ನನ್ನು ಹಿಂದಕ್ಕೆ ಕೊಟ್ಟಳು. ಹಿರಿಯರಿಗೆ ಮರಾಠಿಯಲ್ಲೇ ಹೇಳಬೇಕೆಂದಿದ್ದಳು, ಬಾಯಿಂದ ಬಂದದ್ದು ಕನ್ನಡ.

“ತಾನಾಗೇ ಹುಟ್ಟಿಲ್ರಿ ಇದು. ನನ್ನ ಮಗಳು ಎಂಟು ತಿಂಗಳು ಕಡದಾಳ.”

ಅಶ್ವಿನ್ ಅದನ್ನು ಮರಾಠಿಯಲ್ಲಿ ಹೇಳಿದ. ಹಿರಿಯರು ನೊಂದುಕೊಂಡರು. ಸಂಕಷ್ಟಿಯ ದಿನ ಗಣಪತಿಯನ್ನು ಬೇಡವೆನ್ನಬಾರದು, ಒಮ್ಮೆ ಮನೆಯಲ್ಲಿ ಕೇಳಿ ನೋಡಿ ಎಂದರು.

“ನಲವತ್ತು ವರ್ಷ ಅವನ ಉಪವಾಸ ಮಾಡೀನ್ರಿ, ಅವ ನನ್ನ ಮ್ಯಾಲೆ ಸಿಟ್ಟಾಗಂಗಿಲ್ಲ” ಎಂದಳು ಭೀಮವ್ವ. “ಅವಗೇನು ಕಲ್ಲಿನ ಬರ? ಈಕಿ ಮತ್ತ ಕಡಿಯಾಂಗಿಲ್ಲ.”

ಅಶ್ವಿನ್ ಈ ಮಾತನ್ನು ಮರಾಠಿಗೆ ತಿರುಗಿಸುವಷ್ಟರಲ್ಲಿ ಅವಳು ಸಾಲನ್ನು ದಾಟಿ ಕಲ್ಲಿನ ಬಳಿ ಹೋಗಿದ್ದಳು. ಮನಸ್ಸಿನಲ್ಲೇ ಗಣಪ್ಪನ ಅಪ್ಪಣೆ ಬೇಡಿದಳು. ಒಂದೊಂದೇ ಹೂವು, ಒಂದೊಂದೇ ಗರಿಕೆಯ ಕಟ್ಟು, ಒಂದೂ ನೆಲಕ್ಕೆ ಬೀಳದಂತೆ ತೆಗೆದು ಚೀಲಕ್ಕೆ ಹಾಕಿಕೊಂಡಳು. ಸಂಜೆ ಮನೆಯ ಹತ್ತಿರದ ಗುಡಿಗೆ ಮುಟ್ಟಿಸಿದರಾಯಿತು. ಬಳಿಕ ಬಾಟಲಿಯ ನೀರು ಹಾಕಿ, ಸೆರಗಿನಿಂದ ಕುಂಕುಮ ಒರೆಸಿದಳು. ಸಾಲಿನಲ್ಲಿ ಗುಜುಗುಜು ಎದ್ದಿತು. ಇಬ್ಬರು ಮೂವರು ಬೈದುಕೊಂಡು ಹೊರಟೂ ಹೋದರು. ಅಶ್ವಿನ್ ಮಾತ್ರ ಎಲ್ಲಿಂದಲೋ ಒಂದು ಒಣ ಬಟ್ಟೆ ತಂದು, ಆ ಬದಿಯಿಂದ ತಾನೂ ಒರೆಸತೊಡಗಿದ.

ಒದ್ದೆಯಾದ ಕಲ್ಲು ಕಪ್ಪಗೆ ಹೊಳೆಯಿತು. ಬುಡದಿಂದ ನೆತ್ತಿಯವರೆಗೆ ಸಣ್ಣ ಸಣ್ಣ ಉಳಿಯ ಗೆರೆಗಳು, ಸಾವಿರಾರು, ಒಂದರ ಪಕ್ಕ ಒಂದು, ಗಾಳಿಗೆ ಬಾಗಿದ ಪೈರಿನಂತೆ ಎಲ್ಲವೂ ಒಂದೇ ಕಡೆಗೆ ವಾಲಿದ್ದವು. ಭೀಮವ್ವ ನೋಡಿದಳು. ಸುತ್ತ ಹಾಯ್ದು ಹಿಂಬದಿಗೂ ಹೋಗಿ ನೋಡಿದಳು. ಸಾಲಿನಲ್ಲಿದ್ದವರು ಮೆಲ್ಲಗೆ ಸಾಲು ಬಿಟ್ಟು ಅವಳ ಹಿಂದೆಯೇ ಸುತ್ತ ಬಂದರು.

ಅವರಲ್ಲೊಬ್ಬ ಹೆಂಗಸು ಅವಳ ಕನ್ನಡ ಕೇಳಿಸಿಕೊಂಡಿದ್ದಳು. ಹತ್ತಿರ ಬಂದು, “ಹಂಗಾರ ಇದರ ಹೆಸರೇನ್ರಿ, ಅವ್ವಾರ?” ಎಂದು ಕೇಳಿದಳು.

“ಇದಕ್ಕ ಆಕಿ ಹೆಸರಿಟ್ಟಿಲ್ಲ, ಯವ್ವಾ” ಎಂದಳು ಭೀಮವ್ವ, ಹಾಲಿನ ಆ ತುದಿಗೂ ಕೇಳುವಂತೆ. “ಮಾಡಿದಾಕಿಗೆ ನಾ ಇಟ್ಟೀನಿ. ತ್ರಿವೇಣಿ.”