ಗಿಳಿಯ ಕುರ್ಚಿಯಲ್ಲಿ ಕೂತವರು

ಗಿಳಿ ಫೇಲಾಗುತ್ತಾನೆ ಎಂದು ಯಂತ್ರ ಹೇಳಿದಾಗ ಇಡೀ ಕಾಲೇಜಿನಲ್ಲಿ ನಂಬದಿದ್ದವರು ಒಬ್ಬರೇ, ಗಣಿತದ ಮೇಡಂ. ಇದು ನಡೆದ ಸಂಗತಿ. ಉಪ್ಪುಖಾರ ಮಾತ್ರ ನನ್ನದು.

ಗಿಳಿ ಎಂದರೆ ಎರಡನೇ ಬೆಂಚಿನ ಹುಡುಗ. ಯಾರ ದನಿಯನ್ನಾದರೂ ಗಂಟಲಿಗೆ ಇಳಿಸಿಕೊಳ್ಳುವ ಮಿಮಿಕ್ರಿ ಗಿರಾಕಿ, ಅದಕ್ಕೇ ಆ ಹೆಸರು. ಯಂತ್ರವೆಂದರೆ ಲ್ಯಾಬಿಗೆ ಹೊಸದಾಗಿ ಬಂದ, ಕಂಪ್ಯೂಟರಿನಲ್ಲೇ ಗಣಿತ ಹೇಳಿಕೊಡುವ ತಂತ್ರಾಂಶ. ಅದರ ಕಣ್ಣು ಉತ್ತರದ ಮೇಲಲ್ಲ, ನಡತೆಯ ಮೇಲೆ. ಎಷ್ಟು ಹೊತ್ತು ಯೋಚಿಸಿದ, ಸುಳಿವು ಕೇಳಿದನೇ, ತಪ್ಪಾದಾಗ ಏನು ಮಾಡಿದ, ಎಲ್ಲ ಕೂಡಿಸಿ ಪರೀಕ್ಷೆಗೆ ಮುಂಚೆಯೇ ಭವಿಷ್ಯ ನುಡಿಯುತ್ತದೆ. ಅದರ ಪಟ್ಟಿಯಲ್ಲಿ ಫೇಲೆಂದು ಹೆಸರು ಕೆಂಪಾದವರು ಈ ಸಲ ಪರೀಕ್ಷೆಗೆ ಕೂರುವಂತಿಲ್ಲ ಎಂದು ಪ್ರಿನ್ಸಿಪಾಲರ ಆಜ್ಞೆ.

"ಯಂತ್ರ ಸುಳ್ಳು ಹೇಳಲ್ಲ ಮೇಡಂ," ಎಂದರು ಅವರು ಕನ್ನಡಕ ಹಣೆಗೇರಿಸಿ. "ಹೇಳೋಕೆ ಅದಕ್ಕೇನು ನೆಂಟರಾ, ಇಷ್ಟರಾ?"

ಮೇಡಂ ತಲೆಯಾಡಿಸಿದರು. ಅನುಮಾನ ಮಾತ್ರ ಅಲ್ಲಾಡಲಿಲ್ಲ.

ಅವರ ಕಣ್ಣೆದುರು ಗಿಳಿ ಹಾಳೆಯ ಮೇಲೆ ಗೀಚಿ, ತುಟಿ ಕಚ್ಚಿ, ನಿಧಾನವಾಗಿ ಉತ್ತರ ಕೊಡುತ್ತಿದ್ದ. ವರದಿಯಲ್ಲಿದ್ದವನೇ ಬೇರೆ. ಪ್ರಶ್ನೆ ಓದುವ ಮೊದಲೇ ಉತ್ತರ ಒತ್ತುವವನು. ತಪ್ಪೆಂದರೆ ಅದೇ ಉತ್ತರವನ್ನು ಮತ್ತೆ ಮತ್ತೆ ಒತ್ತುವವನು, ಬೇಕಿದ್ದರೆ ಯಂತ್ರವೇ ತಿದ್ದಿಕೊಳ್ಳಲಿ ಎನ್ನುವ ಹಾಗೆ. ಸುಳಿವು ಬಂದರೆ ಓದದೆ ಮುಚ್ಚುವವನು.

ಇವನ ಹೆಸರಿನಲ್ಲಿ ಇನ್ನಾರೋ ಕೂರುತ್ತಿದ್ದಾರೆ. ಆದರೆ ತನ್ನ ಬದಲಿಗೆ ಕೂರಿಸುವುದಾದರೆ ಜಾಣನನ್ನು ಕೂರಿಸಬೇಕು. ದಡ್ಡನನ್ನು ಹುಡುಕಿ ತರುವ ಕಳ್ಳ ಯಾವನು?

ಊಟದ ಬಿಡುವು ಮುಗಿಯುತ್ತಲೇ ಮೇಡಂ ಗಿಳಿಯ ಜಾಗಕ್ಕೆ ಹೋದರು. ಕುರ್ಚಿಯನ್ನು ಯಾರೋ ತಗ್ಗಿಸಿದ್ದರು. ಪರದೆಯ ಅಕ್ಷರಗಳು ಕುಂಬಳಕಾಯಿಯಂತೆ ಉಬ್ಬಿದ್ದವು. ಕೀಬೋರ್ಡಿನ ಮೇಲೆ ಬಿಳಿ ಪುಡಿ. ಮುಖಕ್ಕೆ ಪೌಡರ್ ಮೆತ್ತಿಕೊಂಡು ತಿರುಗುವ ಗಿಳಿಯ ನಾಟಕದ ಗೆಳೆಯರೆಲ್ಲ ಅವರ ಕಣ್ಣ ಮುಂದೆ ಸಾಲಾಗಿ ಹಾದುಹೋದರು.

"ನಿನ್ನ ಜಾಗದಲ್ಲಿ ಯಾರನ್ನೋ ಕೂರಿಸ್ತೀಯ?" ಗಿಳಿಯನ್ನು ಕರೆಸಿ ಕೇಳಿದರು.

"ನಾನು ಕೂರಿಸಿಲ್ಲ ಮೇಡಂ. ಬೆಲ್ ಹೊಡೀತಿದ್ದ ಹಾಗೆ ಲಾಗೌಟ್ ಮಾಡದೆ ಊಟಕ್ಕೆ ಓಡ್ತೀನಿ. ಅಷ್ಟೇ ನನ್ನ ತಪ್ಪು."

"ಹಾಗಾದ್ರೆ ಯಾರು ಅಂತ ಗೊತ್ತು."

"ಕಿಟಕೀಲಿ ನೋಡಿದೀನಿ. ಆದ್ರೆ ಹೆಸರು ಹೇಳಿದ್ರೂ ಪರೀಕ್ಷೆ ಹೋಗುತ್ತೆ, ಹೇಳದಿದ್ರೂ ಹೋಗುತ್ತೆ." ಕ್ಷಣ ಯೋಚಿಸಿ ಸೇರಿಸಿದ, "ಹೆಸರು ಹೇಳದೆ ಹೇಳಬಹುದು."

ಮೇಡಂ ಕೇಳಿಕೊಂಡಿದ್ದರಿಂದ ಗಿಳಿಯ ವಿಚಾರಣೆ ಅಂದೇ ಲ್ಯಾಬಿನಲ್ಲಿ ನಡೆಯಿತು. ಇತಿಹಾಸದ ತರಗತಿಯಿಂದ ನೇರ ಬಂದ ಪ್ರಿನ್ಸಿಪಾಲರು ಕೋಟಿನ ತೋಳು ಕೊಡವಿಕೊಂಡು ವರದಿ ಕೈಗೆತ್ತಿಕೊಂಡರು. ಉಪನ್ಯಾಸಕರೆಲ್ಲ ಸುತ್ತ ನಿಂತಿದ್ದರು.

"ಓದೋ ವ್ಯವಧಾನ ಇಲ್ಲ. ತಪ್ಪು ಒಪ್ಪಿಕೊಳ್ಳೋ ಗುಣ ಇಲ್ಲ. ಹೇಳಿಕೊಡೋಕೆ ಹೋದ್ರೆ ಬಾಯಿ ಮುಚ್ಚಿಸ್ತಾನೆ. ಇಂಥವನು ಗಣಿತದಲ್ಲಿ ಉದ್ಧಾರ ಆಗ್ತಾನೇನಯ್ಯಾ?"

"ಖಂಡಿತ ಇಲ್ಲ ಸರ್," ಎಂದ ಗಿಳಿ, ಬಹಳ ವಿನಯದಿಂದ. "ಅವರು ಹೇಗೆ ಕೂರ್ತಾರೆ ಅಂತ ತೋರಿಸ್ಲಾ?"

ಅಪ್ಪಣೆಗೆ ಕಾಯದೆ ಕುರ್ಚಿ ತಗ್ಗಿಸಿ ಕೂತ. ಇಲ್ಲದ ಕನ್ನಡಕವನ್ನು ಹಣೆಗೇರಿಸಿದ. ಪರದೆಗೆ ಮೂಗು ತಾಗಿಸಿ, ಒಂದೇ ಬೆರಳಿನಲ್ಲಿ ಕೀಲಿ ಕುಟ್ಟಿದ. ಆಮೇಲೆ ಅವನ ಗಂಟಲಿನಿಂದ ಬೇರೆಯವರ ದನಿ ಬಂತು: "ನನಗೇ ಹೇಳಿಕೊಡೋಕೆ ಬರ್ತೀಯಾ? ನಿನಗೇನು ನಾನು ನೆಂಟನಾ, ಇಷ್ಟನಾ?"

ಅಟೆಂಡರ್ ಬೀಳದ ಪೆನ್ನನ್ನು ಮೇಜಿನಡಿ ಹುಡುಕತೊಡಗಿದ. ಮೇಡಂ ಕೀಬೋರ್ಡಿನ ಬಿಳಿ ಪುಡಿಯನ್ನು ಬೆರಳಿಗೆ ಹತ್ತಿಸಿಕೊಂಡು ನೋಡಿದರು. ಅದು ಪೌಡರಾಗಿರಲಿಲ್ಲ, ಸೀಮೆಸುಣ್ಣ.

ಮೊದಲು ನಕ್ಕವರು, ಎಲ್ಲರಿಗಿಂತ ಜೋರಾಗಿ ನಕ್ಕವರು, ನಗುತ್ತಲೇ ಗಿಳಿಯ ಪ್ರವೇಶಪತ್ರಕ್ಕೆ ಸಹಿ ಹಾಕಿದವರು ಪ್ರಿನ್ಸಿಪಾಲರೇ. "ನಾನು ಹೇಳಲಿಲ್ವೇನ್ರೀ, ಯಂತ್ರ ಸುಳ್ಳು ಹೇಳಲ್ಲ ಅಂತ? ಓದೋ ಕಾಲದಲ್ಲೂ ನಾನು ಗಣಿತದಲ್ಲಿ ಫೇಲೇ. ಈಗಲಾದ್ರೂ ಕದ್ದು ಕಲಿಯೋಣ ಅಂತ ತೆರೆದಿದ್ದ ಕಂಪ್ಯೂಟರ್ ಮುಂದೆ ಕೂತ್ರೆ, ಈ ಚಾಡಿಕೋರ ಯಂತ್ರ ಊರಿಗೆಲ್ಲ ಹೇಳಿಬಿಡ್ತು."